ಹೊಸತೊಡಕಿನ ನಲ್ಲಿ ಮೂಳೆ

ಬಾಡಿನ ಒಗ್ಗರಣೆ ಮೂಗಿಗೆ ಬಡಿದರೆ ಈಗಲೂ ನನಗೆ ಪಾಂಡವಪುರದ ಪಕ್ಕದ ನಮ್ಮೂರಿನ ಜಗಲಿ ಕಣ್ಮುಂದೆ ಬರುತ್ತದೆ.

ಯುಗಾದಿಯ ದಿನ ಊರಿಗೆ ಊರೇ ದುಡ್ಡು ಕಟ್ಟಿ ಇಸ್ಪೀಟು ಆಡುತ್ತಿತ್ತು. ಮಾರನೇ ದಿನ ಹೊಸತೊಡಕು, ಬಾಡೂಟ. ಒಂದು ವರ್ಷ ಹೊಸತೊಡಕಿನ ಬೆಳಿಗ್ಗೆ ಅಪ್ಪ, ಚಿಕ್ಕಪ್ಪಂದಿರು ಜಗಲಿಯಲ್ಲಿ ಕೂತು ತಾನು ಗೆದ್ದೆ, ತಾನು ಗೆದ್ದೆ ಎಂದು ಮೀಸೆ ತಿರುವುತ್ತಿದ್ದರು. ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ಎಲ್ರೂ ಗೆದ್ದವ್ರೆ. ಸೋತೋನು ಯಾವನ್ಲಾ?"

ಎಲ್ಲರೂ ಮೇಗಲ ಬೀದಿಯತ್ತ ಕೈ ತೋರಿಸಿದರು. ಮೇಗಲ ಬೀದಿಯವರು ನಮ್ಮ ಬೀದಿಯತ್ತ ಕೈ ತೋರಿಸುತ್ತಿದ್ದುದನ್ನು ನಾನು ಆಗಲೇ ನೋಡಿ ಬಂದಿದ್ದೆ.

"ಸರಿ ಬುಡಿ, ಗೆದ್ದೋರು ಓಗಿ ಬಾಡು ತನ್ನಿ."

ಒಬ್ಬರೂ ಏಳಲಿಲ್ಲ. ಅಪ್ಪ ಬೀಡಿಗೆ ತಡಕಾಡಿದ. ಆಗ ಒಳಗಿಂದ ಬಂದ ಅವ್ವ ಸೆರಗಿನ ಗಂಟು ಬಿಚ್ಚಿ, ಮುದುರಿದ ನೋಟುಗಳನ್ನು ಅವನ ಕೈಗಿಟ್ಟಳು. ಹಿಂದಿನ ಮಧ್ಯಾಹ್ನ ಹಿತ್ತಿಲಲ್ಲಿ ಹೆಂಗಸರ ಆಟವೂ ನಡೆದಿತ್ತು.

"ನೀನೆಷ್ಟು ಗೆದ್ಯೇ?" ಅಂದಳು ಅಜ್ಜಿ.

"ಎಣಿಸ್ನಿಲ್ಲ ಕಣತ್ತೆ. ಎರಡು ಕೆಜಿ ತರ್ಲಿ."

ಪ್ರತಿ ವರ್ಷ ಅಪ್ಪನ ತಟ್ಟೆಗೇ ಬೀಳುತ್ತಿದ್ದ, ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಆವತ್ತು ಅವ್ವ ತನ್ನ ತಟ್ಟೆಗೆ ಹಾಕಿಕೊಂಡು, ಮೇಗಲ ಬೀದಿಗೂ ಕೇಳುವ ಹಾಗೆ ಸೊರ್ರನೆ ಹೀರಿದಳು.