ಮೂರನೇ ಮಹಡಿಯಲ್ಲಿ ಇನ್ನೂ ‘ಇಲ್ಲ’ ಎಂದೇ ಇತ್ತು

"ಅಕ್ಕ, ಪೆನ್ಸಿಲಿನ್ ವಿಷ್ಯ ಬರ್ಕೊಂಡ್ರಲ್ವಾ?"

ಕೌಂಟರಿನ ಗಾಜಿನಾಚೆಯಿಂದ ಆ ಹೆಂಗಸು ಕೇಳಿದ ತಕ್ಷಣ ಚಂದ್ರಕಲಾಳ ಎದೆ ಧಸಕ್ಕೆಂದಿತು...

ಚಂದ್ರಕಲಾ ಒಂದು ಟ್ರಸ್ಟ್ ಆಸ್ಪತ್ರೆಯ ನೋಂದಣಿ ಕೌಂಟರಿನವಳು. ಬಂದ ರೋಗಿಯ ವಿವರವನ್ನೆಲ್ಲ ಕಂಪ್ಯೂಟರಿನ ಫಾರ್ಮಿನಲ್ಲಿ ತುಂಬುವುದು ಅವಳ ಕೆಲಸ.

ಆ ಫಾರ್ಮಿನಲ್ಲಿ ‘ಔಷಧಿ ಅಲರ್ಜಿ’ ಅಂತ ಒಂದು ಕಾಲಂ. ಅಲ್ಲಿ ಮೊದಲೇ ‘ಇಲ್ಲ’ ಅಂತ ಬಂದು ಕೂತಿರುತ್ತದೆ. ಬೆಳಗಿನ ರಶ್ಶಿನಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಹೇಳಿ? ಕೌಂಟರಿನವರೆಲ್ಲ ಅದನ್ನು ಹಾರಿಸಿಯೇ ಸಬ್ಮಿಟ್ ಒತ್ತುವುದು. ಅವತ್ತು ಇವಳೂ ಹಾಗೇ ಮಾಡಿದ್ದಳು.

ಆ ಹೆಂಗಸಿನ ಹೆಸರು ಗಂಗಮ್ಮ. ಗಂಡ ರುದ್ರೇಶಪ್ಪನಿಗೆ ಹಲ್ಲಿನ ಬೇರಲ್ಲಿ ಕೀವು ತುಂಬಿ, ದವಡೆ ಊದಿ, ಬಾಯಿ ತೆರೆಯುವುದಕ್ಕೂ ಆಗುತ್ತಿರಲಿಲ್ಲ. ಅವತ್ತು ಬೆಳಗ್ಗೆಯೇ ಮೂರನೇ ಮಹಡಿಯ ವಾರ್ಡಿಗೆ ಸೇರಿಸಿದ್ದರು.

"ಹೋದ್ ಸಲ ಬರೀ ಟೆಸ್ಟ್ ಡೋಸ್‌ಗೇ ಉಸಿರು ಕಟ್ಟಿ ಬಿದ್ಬಿಟ್ರು ಕಣಕ್ಕ... ಬದುಕಿದ್ದೇ ಹೆಚ್ಚು. ಹನ್ನೊಂದೂವರೆಗೆ ಇಂಜೆಕ್ಷನ್ ಅಂದ್ರು, ಅಷ್ಟರಲ್ಲಿ ಗಂಜಿ ತಂದ್ಬಿಡ್ತೀನಿ."

"ಬರ್ಕೊಂಡಿದೀನಮ್ಮ, ನೀವ್ ಹೋಗ್ಬನ್ನಿ" ಅಂದಳು ಚಂದ್ರಕಲಾ.

ಸುಳ್ಳು!

ಪಾಪ, ಅವಳಿಗೂ ಹೆದರಿಕೆ. ಹಿಂದಿನ ವಾರವಷ್ಟೇ ಸೂಪರ್‌ವೈಸರ್ ಎಲ್ಲರೆದುರು ಕೂಗಾಡಿದ್ದರು... "ಇನ್ನೊಂದ್ ತಪ್ಪಾದ್ರೆ ನೇರ ಮನೆಗೆ!"

ಗಂಗಮ್ಮ ಆಚೆ ಹೋದದ್ದೇ ತಡ, ಅವಳು ಗುಟ್ಟಾಗಿ ಫಾರ್ಮ್ ತೆಗೆದಳು. ‘ಇಲ್ಲ’ ಅಳಿಸಿ ‘ಇದೆ, ಪೆನ್ಸಿಲಿನ್’ ಅಂತ ಟೈಪ್ ಮಾಡಿ ಸಬ್ಮಿಟ್ ಒತ್ತಿದಳು.

‘ಯಶಸ್ವಿಯಾಗಿ ಉಳಿಸಲಾಗಿದೆ’ ಅಂತ ಹಸಿರು ಅಕ್ಷರ ಬಂತು. ಅಬ್ಬಾ! ಬಚಾವಾದೆ, ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಳು.

ಆದರೆ ಕೆಳಗಿನ ಪಟ್ಟಿ ನೋಡುತ್ತಾಳೆ... ರುದ್ರೇಶಪ್ಪನ ಹೆಸರಿನ ಮುಂದೆ ಇನ್ನೂ ‘ಇಲ್ಲ’!

ಮತ್ತೆ ಸಬ್ಮಿಟ್ ಒತ್ತಿದಳು. ಮತ್ತೆ ಹಸಿರು ಅಕ್ಷರ. ಮತ್ತೆ ‘ಇಲ್ಲ’.

ಕೊನೆಗೆ ಪೇಜ್ ರಿಫ್ರೆಶ್ ಮಾಡಿದಳು. ಆಗ ಬಂತು... ‘ಇದೆ, ಪೆನ್ಸಿಲಿನ್’.

ಉಸ್ಸಪ್ಪಾ ಅಂತ ಕುರ್ಚಿಗೆ ಒರಗಿದವಳು ಮರುಕ್ಷಣವೇ ಧಡಕ್ಕನೆ ಎದ್ದು ನಿಂತಳು.

ಕಂಪ್ಯೂಟರಿನ ಒಳಗೆ ಆಗಲೇ ಬದಲಾಗಿತ್ತು. ರಿಫ್ರೆಶ್ ಮಾಡುವವರೆಗೂ ನನಗೇ ಕಾಣಲಿಲ್ಲ. ಹಾಗಾದರೆ... ಮೇಲೆ ವಾರ್ಡಿನಲ್ಲಿ?

ವಾರ್ಡಿನವರು ಬೆಳಗ್ಗೆ ತೆರೆದ ಪೇಜನ್ನು ಸಂಜೆಯವರೆಗೂ ಮುಟ್ಟುವುದಿಲ್ಲ. ಅಪ್ಪಿತಪ್ಪಿ ರಿಫ್ರೆಶ್ ಒತ್ತಿದರೆ ಲಾಗೌಟ್ ಆಗುತ್ತದೆ, ಮತ್ತೆ ತೆರೆಯಲು ಬೇಕಾದ ಓಟಿಪಿ ದೊಡ್ಡ ಡಾಕ್ಟರ ಫೋನಿಗೆ ಹೋಗುತ್ತದೆ, ಅವರೋ ಆಪರೇಷನ್ ಥಿಯೇಟರಿನಲ್ಲಿ! ಅದಕ್ಕೇ ಅಲ್ಲಿ ಯಾರೂ ರಿಫ್ರೆಶ್ ಒತ್ತುವುದಿಲ್ಲ.

ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತೇಳು.

ವಾರ್ಡಿಗೆ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು... ಯಾರೂ ಎತ್ತಲಿಲ್ಲ.

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳ ಮನಸ್ಸು ಅಂದಿತು... ‘ಸುಮ್ನೆ ಕೂತ್ಕೋ. ಕಂಪ್ಯೂಟರಲ್ಲಿ ಸರಿಯಾಗೇ ಇದೆಯಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನಿನ್ನ ತಪ್ಪಿಲ್ಲ.’

ಛೀ ಅಂದುಕೊಂಡು ಫೋನ್ ಕೆಳಗಿಟ್ಟಳು.

ಓಡಿದಳು! ಲಿಫ್ಟಿನ ಮುಂದೆ ಸ್ಟ್ರೆಚರ್ ನಿಂತಿತ್ತು. ಮೆಟ್ಟಿಲು ಹತ್ತಿದಳು... ಒಂದನೇ ಮಹಡಿ... ಎರಡನೇ ಮಹಡಿ... ಒಂದು ಚಪ್ಪಲಿ ಎಲ್ಲೋ ಬಿತ್ತು. ದೇವರೇ, ಚುಚ್ಚದಿರಲಿ, ಚುಚ್ಚದಿರಲಿ ಅನ್ನುತ್ತಲೇ ಹತ್ತಿದಳು.

ಮೂರನೇ ಮಹಡಿಯ ವಾರ್ಡಿನಲ್ಲಿ ಜಯಶೀಲಾ ಸಿಸ್ಟರ್ ರುದ್ರೇಶಪ್ಪನ ಮುಂಗೈ ಒರೆಸುತ್ತಿದ್ದರು. ಇನ್ನೊಂದು ಕೈಯಲ್ಲಿ ಸಿರಿಂಜ್. ಮೇಜಿನ ಮೇಲಿನ ಪರದೆಯಲ್ಲಿ ಸ್ಪಷ್ಟವಾಗಿ ‘ಇಲ್ಲ’. ಪಾಪ, ಆ ಮನುಷ್ಯ ಬಾಯಿ ಬಿಡಲಾಗದೆ ಕಣ್ಣು ಮುಚ್ಚಿ ಮಲಗಿದ್ದ.

"ಸಿಸ್ಟರ್, ಬೇಡಾ! ಅವ್ರಿಗೆ ಪೆನ್ಸಿಲಿನ್ ಆಗಲ್ಲ! ತಪ್ಪು ನಂದೇ... ಬೆಳಿಗ್ಗೆ ನಾನೇ ‘ಇಲ್ಲ’ ಅಂತ ಬಿಟ್ಬಿಟ್ಟೆ. ಆಮೇಲೆ ಯಾರಿಗೂ ಹೇಳ್ದೆ ತಿದ್ದಿದೆ..."

ಇಡೀ ವಾರ್ಡ್ ಅವಳನ್ನೇ ನೋಡಿತು. ಸೂಪರ್‌ವೈಸರ್ ಕೂಡ ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

ಕೆಲಸ ಹೋಯಿತು ಅಂದುಕೊಂಡು ತಲೆ ತಗ್ಗಿಸಿ ನಿಂತಳು.

ಸಿಸ್ಟರ್ ಬೈಯಲಿಲ್ಲ. ಸಿರಿಂಜನ್ನು ಮೆಲ್ಲಗೆ ಟ್ರೇಯಲ್ಲಿಟ್ಟರು. ಇಪ್ಪತ್ತೆರಡು ವರ್ಷದಿಂದ ಸೂಜಿ ಹಿಡಿದವರು ಅವರು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಚಂದ್ರಕಲಾಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು.

"ಅವ್ರನ್ನ ಮಾತ್ರ ಅಲ್ಲ ಕಣಮ್ಮ, ನೀನು ನನ್ನೂ ಉಳಿಸ್ದೆ... ನೀನು ಕೆಳಗೇ ಕೂತಿದ್ದಿದ್ರೆ, ಸಾಯೋ ತನಕ ನಾನೇ ಕೊಂದೆ ಅಂದ್ಕೊಂಡು ಬದುಕ್ಬೇಕಿತ್ತಲ್ಲೇ..."

ಬಾಗಿಲಲ್ಲಿದ್ದ ಸೂಪರ್‌ವೈಸರ್ ಒಳಗೆ ಬಂದು, ಲಾಗೌಟ್ ಆದರೆ ಆಗಲಿ ಅಂತ ಆ ಪೇಜನ್ನು ತಾವೇ ರಿಫ್ರೆಶ್ ಮಾಡಿದರು.

ತಪ್ಪನ್ನು ಗುಟ್ಟಾಗಿ ತಿದ್ದಿಕೊಂಡರೆ ಸಾಲದು... ಅದನ್ನೇ ನಂಬಿ ಕೂತವರ ಬಳಿ ಓಡಿಹೋಗಿ ಹೇಳಲೂಬೇಕು.

ನೀವು ನಿಮ್ಮೊಳಗೇ ಸರಿ ಮಾಡಿಕೊಂಡು ಸುಮ್ಮನಾದ ಒಂದು ತಪ್ಪು... ಇವತ್ತಿಗೂ ಯಾರ ಕಣ್ಣೆದುರು ಹಾಗೇ ಇದೆ?