ಹಿಂದಕ್ಕೆ ನಡೆದ ಜೋಡೆತ್ತು

ಎತ್ತು ಕೊಳ್ಳಲು ಬಂದಿದ್ದ ಆವಲಪ್ಪ ಟವಲಿನ ಮರೆಯಲ್ಲಿ ಹನುಮಂತರಾಯಪ್ಪನ ನಾಲ್ಕು ಬೆರಳು ಹಿಡಿದು ಅದುಮಿದ. ಹನುಮಂತರಾಯಪ್ಪ ತಲೆಯಾಡಿಸಿದ. ಅಲ್ಲಿಗೆ ಎತ್ತಿನ ಜೋಡಿಯ ದರ ಕುದುರಿತು. ಇನ್ನು ಗಾಡಿಗೆ ಹೂಡಿ ಒಂದು ಸುತ್ತು ಹೊಡೆದು ನೋಡಿ, ವೀಳ್ಯ ಕೊಟ್ಟು ಹಗ್ಗ ಹಿಡಿದರೆ ಎತ್ತು ಆವಲಪ್ಪನವು.

ಅನುಗೊಂಡನಹಳ್ಳಿಗೆ ಕರೆಂಟು ಕಂಬ ಬಂದ ವರ್ಷ ಅದು. ಎತ್ತು ಮಾರಿ ಬಾವಿಗೆ ಮೋಟಾರು ಕೂರಿಸಬೇಕೆಂದು ಹಟ ಹಿಡಿದವಳು ಹನುಮಂತರಾಯಪ್ಪನ ಹೆಂಡತಿ ಮುನಿಗಂಗಮ್ಮ. ತಿಂಗಳಿಡೀ ಗಂಡ ಹೆಂಡಿರಿಗೆ ಉಂಡರೂ ಅದೇ ಮಾತು, ಕೂತರೂ ಅದೇ ಮಾತು.

"ಗುಂಡಿ ಒತ್ತಿದ್ರೆ ನೀರು. ಹುಲ್ಲು ಬೇಡ, ಹಿಂಡಿ ಬೇಡ. ನೀನು ದಿನಾ ಕಪಿಲೆ ಹಗ್ಗದ ಮೇಲೆ ಕೂತು ಸೊಂಟ ಮುರ್ಕೊಳ್ಳೋದೂ ಬೇಡ."

"ಮೋಟಾರು ಸಗಣಿ ಹಾಕ್ತದಾ?"

"ಸಗಣಿ ಹಸು ಹಾಕ್ತದೆ."

"ಕರೆಂಟು ಹೋದ್ರೆ?"

"ಹೋದ ವರ್ಷ ಎತ್ತಿಗೆ ಕಾಲುಬಾಯಿ ಜ್ವರ ಬಂದಾಗ ಏನ್ ಮಾಡ್ದೆ? ಸುಮ್ನೆ ಕೂತಿರ್ಲಿಲ್ವಾ?"

ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅವನ ಸಂಕಟವೇ ಅದು. ಹನ್ನೊಂದು ವರ್ಷದಿಂದ ಆ ಎರಡು ಎತ್ತು ಬಾವಿಯ ನೀರೆತ್ತುವ ಅವನ ಕಪಿಲೆ ಎಳೆದಿದ್ದವು. ಇಳಿಜಾರಿನಲ್ಲಿ ಅವು ಮುಂದಕ್ಕೆ ಇಳಿದರೆ ಬಾವಿಯಿಂದ ನೀರು ತುಂಬಿದ ಚರ್ಮದ ಚೀಲ ಮೇಲೆ ಬರುತ್ತಿತ್ತು. ನೀರು ಕಾಲುವೆಗೆ ಸುರಿದ ಮೇಲೆ ಅವನು ಕಪಿಲೆ ಹಾಡಿನ ಕೊನೆಯ ರಾಗ ಎಳೆದರೆ ಸಾಕು, ಎರಡೂ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಾವಿಯ ಕಟ್ಟೆಯವರೆಗೆ ಹತ್ತುತ್ತಿದ್ದವು. ಚಾವಟಿ ಎತ್ತಿದವನಲ್ಲ ಅವನು. ಆದರೆ ಇದನ್ನೆಲ್ಲ ಹೆಂಡತಿಗೆ ಯಾವ ಬಾಯಲ್ಲಿ ಹೇಳುವುದು? ಬೆಳಗ್ಗೆ ಎದ್ದಾಗ ನೆಟ್ಟಗೆ ನಿಲ್ಲಲಾಗದ ತನ್ನ ಸೊಂಟವೂ ಅವಳ ಕಡೆಗೇ ಸಾಕ್ಷಿ ಹೇಳುತ್ತಿತ್ತು. ಕೊನೆಗೆ "ಆಯ್ತು, ಮಾರೋಣ" ಅಂದುಬಿಟ್ಟಿದ್ದ.

ಆವಲಪ್ಪ ಗಾಡಿ ಹತ್ತಿದ. ಹನುಮಂತರಾಯಪ್ಪ ನೋಡಲಾರದೆ ನೆಲ ನೋಡಿಕೊಂಡು ಪಕ್ಕದಲ್ಲಿ ನಡೆದ. ಹಿತ್ತಿಲ ಬೇಲಿಯಾಚೆ ಮುನಿಗಂಗಮ್ಮ ಗುನುಗಿಕೊಳ್ಳುತ್ತಾ ರಾಗಿ ಕೇರುತ್ತಿದ್ದಳು. ಎತ್ತುಗಳು ಕಣದವರೆಗೆ ಗಂಭೀರವಾಗಿ ಹೋದವು, ತಿರುಗಿ ಬಂದವು, ಬೇಲಿಯ ಹತ್ತಿರ ಬಂದದ್ದೇ ನಿಂತವು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದವು. ಆವಲಪ್ಪ "ಹೈ! ಹೈ!" ಅಂದ, ಬಾಲ ತಿರುವಿದ. ಊಹೂಂ. ಎರಡೂ ಬಹಳ ಮರ್ಯಾದೆಯಿಂದ ಹಿಂದಕ್ಕೆ ನಡೆದು, ಗಾಡಿಯನ್ನು ಆವಲಪ್ಪನ ಸಮೇತ ತಿಪ್ಪೆಯೊಳಗೆ ನಿಲ್ಲಿಸಿದವು.

"ಏನಯ್ಯಾ ಇದು, ಹೊಸಕೋಟೆ ಕಡೆ ಹೊಡೆದ್ರೆ ಮಾಲೂರಿಗೆ ಹೊರಟವಲ್ಲ!" ಆವಲಪ್ಪ ಪಂಚೆ ಕೊಡವಿಕೊಂಡು ಇಳಿದ.

"ಗಾಡಿಗೂ ಹನ್ನೊಂದು ವರ್ಷದಿಂದ ಹೂಡ್ತಿದ್ದೀನಿ ಕಣಪ್ಪ. ಯಾವತ್ತೂ ಹಿಂಗ್ ಮಾಡಿಲ್ಲ."

"ನಾನು ಇಟ್ಟಿಗೆ ಹೇರ್ಕೊಂಡು ಕೆರೆ ಏರಿ ಹತ್ತೋನು. ಅಲ್ಲಿ ಹಿಂಗೆ ಬುದ್ಧಿ ತೋರಿಸಿದ್ರೆ ನನ್ನ ಕೆರೇಲಿ ಹುಡುಕ್ಬೇಕು. ಬೇಡ ಗುರು, ನಿನ್ನ ಎತ್ತು ನಿನಗೇ ಇರ್ಲಿ." ತಂದಿದ್ದ ವೀಳ್ಯದೆಲೆಯನ್ನು ಚೀಲಕ್ಕೆ ವಾಪಸು ತುರುಕಿಕೊಂಡು ಹೊರಟೇಬಿಟ್ಟ.

ಹನುಮಂತರಾಯಪ್ಪನಿಗೆ ಎದೆಯ ಮೇಲಿದ್ದ ಒರಳುಕಲ್ಲು ಇಳಿದಂತಾಯಿತು. ನೊಗ ಬಿಚ್ಚಿ ಎರಡರ ಕುತ್ತಿಗೆಯನ್ನೂ ತಬ್ಬಿಕೊಂಡ. ಬೀದಿಯಲ್ಲಿ ಯಾರಾದರೂ ನೋಡಿದರೆ ಏನಂದಾರು ಎಂಬುದೂ ಹೊಳೆಯಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ, ಸಂತೋಷವನ್ನು ಮುಖದಿಂದ ಒರೆಸಿಕೊಂಡು ಹೆಂಡತಿಯ ಮುಂದೆ ನಿಂತ.

"ವ್ಯಾಪಾರ ಮುರೀತು ಕಣೆ. ಎತ್ತು ಹಿಂದಕ್ಕೆ ನಡೆದ್ವು. ನಾನಂತೂ ಬಾಯಿ ಬಿಡ್ಲಿಲ್ಲ, ಸಪ್ಪಲಮ್ಮನ ಆಣೆ."

"ನೀನು ಬಿಡ್ಲಿಲ್ಲ. ನಾನು ಬಿಟ್ಟೆ."

ಮುನಿಗಂಗಮ್ಮ ಮೊರದಿಂದ ತಲೆಯೆತ್ತದೆ ಕಪಿಲೆ ಹಾಡಿನ ಕೊನೆಯ ರಾಗವನ್ನು ಮೆಲ್ಲಗೆ ಎಳೆದಳು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳು ಹಗ್ಗ ಜಗ್ಗಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಬಂದವು.

"ಮೋಟಾರು ಮೋಟಾರು ಅಂತ ಕುಣೀತಿದ್ದೋಳು ನೀನೇ ಅಲ್ವೇನೇ?"

"ಬೆಳಗ್ಗೆ ನಿನ್ನ ತಟ್ಟೇಲಿದ್ದ ಮುದ್ದೆ ಅವಕ್ಕೆ ತಿನ್ಸಿ, ಖಾಲಿ ಹೊಟ್ಟೇಲಿ ಬಂದು ತೇಗ್ದೆ. ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ಮೋಟಾರು ಬೇಕೇ ಬೇಕು. ಮುಂದಿನ ಸಲ ರೇಷ್ಮೆಗೂಡು ಚೆನ್ನಾಗಿ ಆದ್ರೆ ತರೋಣ. ಎತ್ತು ಮಾರಿ ಬೇಡ."

ಅವನ ಕಣ್ಣು ಹನಿಗೂಡಿತು. ಹೊಟ್ಟು ಬಿತ್ತೆಂದು ಕಣ್ಣುಜ್ಜಿಕೊಂಡ.

"ಅಲ್ಲೀವರ್ಗೂ ನಿನ್ನ ಸೊಂಟಕ್ಕೆ ರಜಾ. ನಾಳೆಯಿಂದ ಕಪಿಲೆ ನಾನು ಹೊಡೀತೀನಿ."

"ಹೆಂಗಸು ಕಪಿಲೆ ಹೊಡೆಯೋದುಂಟೇನೆ? ಎತ್ತು ನಿನ್ನ ಮಾತು ಎಲ್ಲಿ ಕೇಳ್ತವೆ?"

ಮುನಿಗಂಗಮ್ಮ ಮೊರವನ್ನೊಮ್ಮೆ ಜೋರಾಗಿ ಕೊಡವಿದಳು.

"ಹೋಗಿ ಆವಲಪ್ಪನ್ನ ಕೇಳು."