ನೀಲಿ ತಗಡು

ಮೊದಲನೇ ಮೊಳೆಯಿಂದ ನೀಲಿ ತಗಡನ್ನು ಕೆಳಗಿಳಿಸಿದ ಬೈರಣ್ಣ, ಅದನ್ನು ಇನ್ನೆಲ್ಲಿ ನೇತುಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಬೋರ್ಡಿನಲ್ಲಿ ಎಂಟು ಮೊಳೆ, ತಂಡಕ್ಕೊಂದರಂತೆ ಎಂಟು ಬಣ್ಣದ ತಗಡು. ಹೆಣ್ಣುಮಕ್ಕಳ ಕಾಲೇಜು ಫುಟ್‌ಬಾಲಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಪುಟ್ಟೇನಹಳ್ಳಿಗೆಲ್ಲ ಸಾರುವ ಬೋರ್ಡು ಅದು. ಶನಿವಾರ ಸಂಜೆ ತಗಡು ಬದಲಿಸುವುದು ಮೈದಾನ ನೋಡಿಕೊಳ್ಳುವ ಬೈರಣ್ಣನ ಕೆಲಸ. ಮೂರು ವರ್ಷದಿಂದ ನೀಲಿ ಮೊದಲನೇ ಮೊಳೆ ಬಿಟ್ಟು ಕದಲಿರಲಿಲ್ಲ.

ಈ ವಾರ ಎಲ್ಲ ಬುಡಮೇಲು. ಏಳನೆಯವರು ಮೊದಲನೆಯವರನ್ನು ಸೋಲಿಸಿದರು. ಎಂಟನೆಯವರು ಎರಡನೆಯವರನ್ನು. ಪಂದ್ಯಗಳೆಲ್ಲ ಸಮಸಮವಾಗಿ, ಕೊನೆಗೆ ಚುಕ್ಕೆಯ ಮೇಲೆ ಬಾಲಿಟ್ಟು ಒದೆಯುವ ಪೆನಾಲ್ಟಿಯಲ್ಲೇ ತೀರ್ಮಾನವಾದವು. ಈಗ ಮೇಲಿನ ನಾಲ್ಕು ತಂಡಕ್ಕೆ ಒಂದೇ ಅಂಕ. ಮೇಲಿನ ಎರಡಕ್ಕೆ ಮಾತ್ರ ಮೈಸೂರಿನ ಟೂರ್ನಿ.

"ಒಂದು ಮ್ಯಾಚೂ ಬಿಡದೆ ನೋಡಿರೋರು ನೀವೊಬ್ರೇ, ಬೈರಣ್ಣೋರೆ. ನೀಲಿ ಎಲ್ಲಿ ಅಂತ ನೀವೇ ಹೇಳಿ," ಎಂದ ಲೀಗಿನ ಕಾರ್ಯದರ್ಶಿ ಮಹೇಶ್. "ನಿಮ್ಮನ್ನ ನಂಬೇ ಅಲ್ವಾ ಈ ಸಲ ಮೈದಾನಕ್ಕೆ ಗೆರೆ ಹಾಕೋಕೆ ಬೇರೆ ಕಡೆಯವರು ಬೇಡ ಅಂದಿದ್ದು?"

ನಂಬದೆ ಏನು. ಈ ಮೈದಾನ ಒಂದು ಕಾಲಕ್ಕೆ ಬೈರಣ್ಣನ ಅಪ್ಪನ ರಾಗಿ ಹೊಲ. ಅಳತೆಗೆ ಸರಪಳಿ ಹಿಡಿದು ಬಂದವರಿಗಿಂತ ಮುಂಚೆ ಬೈರಣ್ಣ ಹೆಜ್ಜೆ ಹಾಕಿ ಲೆಕ್ಕ ಹೇಳಿದ್ದ. ಸರಪಳಿಯೂ ಅದನ್ನೇ ಹೇಳಿತ್ತು. ಓದಿದ್ದು ಎರಡನೇ ಕ್ಲಾಸು, ಮರೆತದ್ದು ಒಂದೂ ಇಲ್ಲ. ಪೆನಾಲ್ಟಿ ಚುಕ್ಕೆಗೆ ಹನ್ನೊಂದು ಮೀಟರು ಅಂದರೆ ಹದಿಮೂರು ಹೆಜ್ಜೆ. ಹೋದ ತಿಂಗಳು ಹೊಸ ಮಣ್ಣು ಹೊಡೆಸಿ, ಹಳೇ ಗೆರೆಗಳೆಲ್ಲ ಮುಚ್ಚಿಹೋದಾಗ, ಅವನೇ ನಡೆದು ಅಳೆದು ಸುಣ್ಣ ಹಾಕಿದ್ದ.

ಮಣ್ಣಿನ ಲಾರಿಯವರ ಮೇಲೆ ಅವನಿಗೆ ಇನ್ನೂ ಸಿಟ್ಟಿತ್ತು. ಗೇಟಿನಿಂದ ಬೋರ್ಡಿಗೆ ಅರವತ್ತು ಹೆಜ್ಜೆ ಇದ್ದದ್ದು ಈಗ ಎಪ್ಪತ್ತಾಗುತ್ತಿತ್ತು. ಗೇಟು ಕಿತ್ತು ಹಿಂದಕ್ಕೆ ನೆಟ್ಟು ಹೋಗಿದ್ದಾರೆ, ದರಿದ್ರದವರು.

ಆದರೆ ಇವತ್ತಿನ ಸಂಕಟ ಗೇಟಿನದಲ್ಲ, ಮಧುಶ್ರೀಯದು.

ನೀಲಿ ತಂಡದ ಗೋಲ್‌ಕೀಪರ್ ಮಧುಶ್ರೀ. ಗೇಟಿನಲ್ಲಿ ಸೊಪ್ಪು ಮಾರುತ್ತಿದ್ದ ಮುನಿಲಕ್ಷ್ಮಮ್ಮನ ಮೊಮ್ಮಗಳು. ಏಳು ವರ್ಷದ ಕೂಸಾಗಿದ್ದಾಗ ಅವಳಿಗೆ ಬಾಲು ಎಸೆದು ಹಿಡಿಯಲು ಕಲಿಸಿದವನು ಬೈರಣ್ಣ. ಮೊದಲ ಗ್ಲೌಸ್ ತಂದುಕೊಟ್ಟವನೂ ಅವನೇ. ಪೆನಾಲ್ಟಿಯಲ್ಲಿ ಒಮ್ಮೆಯೂ ಸೋಲದ ಹುಡುಗಿ ಬುಧವಾರ ಐದಕ್ಕೆ ಐದೂ ಬಿಟ್ಟಳು. ಐದನೆಯದನ್ನು ಹೊಡೆದವಳು ಕೇಸರಿ ತಂಡದ ಚೈತ್ರ, ಗಾರೆ ಮೇಸ್ತ್ರಿ ಸೀನು ಮಗಳು.

ಸೋಲು ಬರುತ್ತೆ, ಹೋಗುತ್ತೆ. ಆದರೆ ಶುಕ್ರವಾರ ಸುಣ್ಣದ ಶೆಡ್ಡಿನ ಹಿಂದೆ ಅದೇ ಚೈತ್ರ ಮಧುಶ್ರೀಯ ಕೈಗೆ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟದ್ದನ್ನು ಬೈರಣ್ಣ ಕಣ್ಣಾರೆ ಕಂಡಿದ್ದ. ಅವನನ್ನು ಕಂಡದ್ದೇ ಮಧುಶ್ರೀ ಅದನ್ನು ಜೆರ್ಸಿಯೊಳಗೆ ತುರುಕಿಕೊಂಡಿದ್ದಳು.

ಈಗ ಬೋರ್ಡಿನ ಮುಂದೆ ಅವಳೇ ಬಂದು ನಿಂತಿದ್ದಳು.

"ಯಾಕವ್ವ ಹಂಗೆ ಬಿಟ್ಟೆ?" ಬೈರಣ್ಣ ಕೇಳಿದ.

"ಬಾಲ್ ಬೇಗ ಬಂತು, ತಾತ."

"ಇಷ್ಟು ವರ್ಷ ನಿಧಾನವಾಗಿ ಬರ್ತಿತ್ತಾ?"

ಮಧುಶ್ರೀ ಮಹೇಶನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ಚೈತ್ರ ಪೇಪರಲ್ಲಿ ಸುತ್ತಿ ಏನೋ ಕೊಟ್ಟಳಲ್ಲ, ಏನದು?"

ಮಹೇಶನ ಹುಬ್ಬು ಮೇಲೇರಿತು.

"ಅದನ್ನ ಇವರ ಮುಂದೆ ಹೇಳೋಕಾಗಲ್ಲ, ತಾತ."

"ನಾಲ್ಕು ಜನರ ಮುಂದೆ ಹೇಳೋಕಾಗದ್ದನ್ನ ಇಸ್ಕೊಂಡೆ ಅಂತಾಯ್ತು."

ಬೈರಣ್ಣ ಬೋರ್ಡಿನ ಕಡೆ ತಿರುಗಿದ. ನೀಲಿಯನ್ನು ನಾಲ್ಕನೇ ಮೊಳೆಗೆ ಹಾಕಿದ. ಮೈಸೂರು ಹೋಯಿತು.

"ಕಾಲೇಜಿಗೂ ಬರೀತೀನಿ," ಎಂದ ಮಹೇಶ್. "ಮ್ಯಾಚ್ ಮಾರಿಕೊಂಡೋರು ಇನ್ನು ಗ್ಲೌಸ್ ಹಾಕೋ ಹಂಗಿಲ್ಲ. ಬೈರಣ್ಣೋರು ಹೇಳಿದ ಮೇಲೆ ಮುಗೀತು." ಸ್ಕೂಟರ್ ಹತ್ತಿ ಹೊರಟ.

ಮಧುಶ್ರೀ ಅಳಲಿಲ್ಲ, ವಾದಿಸಲೂ ಇಲ್ಲ. ಅದನ್ನೇ ಬೈರಣ್ಣನಿಗೆ ತಡೆಯಲಾಗಲಿಲ್ಲ. ಸುಳ್ಳಾದರೂ ಹೇಳಬಾರದಿತ್ತೇ, ನಂಬುತ್ತಿದ್ದನಲ್ಲ.

"ತಾತ, ನಾಳೆ ಗೆರೆ ಹಾಕೋ ಮುಂಚೆ ಸುಣ್ಣದ ಚೀಲದ ಮೇಲೆ ನೋಡಿ," ಎಂದಳು ಮೆಲ್ಲಗೆ. "ಒಬ್ರೇ ಇದ್ದಾಗ ನೋಡಿ. ಯಾರಿಗೂ ಹೇಳ್ಬೇಡಿ."

"ಇನ್ಮೇಲೆ ನನ್ನ ತಾತ ಅನ್ಬೇಡ."

ಅವಳು ಗೇಟು ದಾಟುವವರೆಗೂ ಅವನು ತಿರುಗಿ ನೋಡಲಿಲ್ಲ.

ಬೆಳಕಿನ್ನೂ ಇತ್ತು. ಶೆಡ್ಡಿನ ಬಾಗಿಲು ತೆಗೆದರೆ ಚೀಲದ ಮೇಲೆ ಅದೇ ಪೇಪರಿನ ಪೊಟ್ಟಣ. ಬೈರಣ್ಣ ಅದನ್ನು ಎತ್ತಿಕೊಂಡ. ನನಗೂ ಪಾಲು ಇಟ್ಟು ಹೋಗಿದ್ದಾಳೆ! ಮಹೇಶನ ಮುಖಕ್ಕೆ ಹಿಡಿಯಬೇಕೆಂದು ಪೇಪರು ಹರಿದ.

ನೋಟಿರಲಿಲ್ಲ. ಮೇಸ್ತ್ರಿ ಸೀನು ಸೈಟು ಅಳೆಯುವ ಪಟ್ಟಿ ಟೇಪು ಇತ್ತು. ಹನ್ನೊಂದು ಮೀಟರಿನ ಗುರುತಿಗೆ ಒಂದು ಕೆಂಪು ದಾರ ಕಟ್ಟಿತ್ತು.

ಬೈರಣ್ಣ ಟೇಪು ಹಿಡಿದು ಹೊರಗೆ ಬಂದ. ಆಮೇಲೆ ಗೋಲಿನ ಹತ್ತಿರ ಹೋಗಿ, ಟೇಪಿನ ತುದಿಯನ್ನು ಗೆರೆಯ ಮೇಲಿಟ್ಟು, ಕಲ್ಲು ಹೇರಿ, ಬಿಚ್ಚುತ್ತ ನಡೆದ. ಒಂದು, ಎರಡು, ಮೂರು. ಹದಿಮೂರಕ್ಕೆ ಸರಿಯಾಗಿ ಅವನ ಕಾಲು ಬಿಳಿ ಚುಕ್ಕೆಯ ಮೇಲಿತ್ತು.

ದಾರ ಇನ್ನೂ ಬಂದಿರಲಿಲ್ಲ. ಟೇಪು ಬಿಚ್ಚುತ್ತಲೇ ಹೋಯಿತು. ಕೊನೆಗೆ ಕೆಂಪು ದಾರ ಚುಕ್ಕೆಯಿಂದಾಚೆ, ಹರೆಯದ ಬೈರಣ್ಣನ ಎರಡು ಹೆಜ್ಜೆಯಷ್ಟು ದೂರದಲ್ಲಿ, ನೆಲಕ್ಕೆ ತಾಗಿತು.